ಸುಣ್ಣ ಬಳಿದ ಗೋಡೆಗಳು: ಹಳೆ ಗೋವೆಯಲ್ಲಿ ನಾಲ್ಕು ದಿನ

ಮೊದಲ ದಿನ

ಕುಮಟೆಯಿಂದ ಬೆಳಗಿನ ಗಾಡಿ ಹತ್ತಿ, ಮಡಗಾಂವದಲ್ಲಿ ಗಾಡಿ ಬದಲಿಸಿ, ಜುವಾರಿ ನದಿಯ ಸೇತುವೆ ದಾಟಿ ಕರ್ಮಲಿ ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಏರಿತ್ತು. ನವೆಂಬರ್ ತಿಂಗಳ ಕೊನೆಯ ವಾರ. ಜೊತೆಗಿದ್ದವರು ನನ್ನ ಚಿಕ್ಕಪ್ಪ. ಕುಮಟೆ, ಹೊನ್ನಾವರ, ಅಂಕೋಲೆಯ ಹಳ್ಳಿಗಳಲ್ಲಿ ನಲವತ್ತು ವರ್ಷ ಚಿರೇಕಲ್ಲಿನ ಮನೆಗಳನ್ನು ಕಟ್ಟಿದ ಮೇಸ್ತ್ರಿ. ಮಂಗಳೂರಿನ ಕಡೆಯವರು ಮುರಕಲ್ಲು ಎನ್ನುವ, ಪುಸ್ತಕಗಳಲ್ಲಿ ಜಂಬಿಟ್ಟಿಗೆ ಎಂದು ಬರೆಯುವ ಆ ಕೆಂಪು ಕಲ್ಲಿನಿಂದಲೇ ಹಳೆ ಗೋವೆಯ ದೊಡ್ಡ ಚರ್ಚುಗಳೆಲ್ಲ ಎದ್ದಿವೆ ಎಂದು ನಾನು ಎಂದೋ ಹೇಳಿದ್ದೆ. ಅಂದಿನಿಂದ ಅವರಿಗೆ ಅವುಗಳನ್ನು ನೋಡುವ ಹಂಬಲ ಹತ್ತಿತ್ತು. ನಾಲ್ಕು ನೂರು ವರ್ಷ ಈ ಕಲ್ಲು ಮಳೆಯಲ್ಲಿ ಹೇಗೆ ನಿಂತಿತು ಎಂಬುದೊಂದೇ ಅವರ ಪ್ರಶ್ನೆ. ನನಗೂ ಕ್ರಮೇಣ ಅದೇ ಪ್ರವಾಸದ ಪ್ರಶ್ನೆಯಾಯಿತು.

ನಿಲ್ದಾಣದಿಂದ ಎರಡು ಕಿಲೋಮೀಟರಿನಷ್ಟು ದೂರ. ಹೊರಟ ರಸ್ತೆಯ ಎರಡೂ ಬದಿ ತೆಂಗು, ಹಲಸು, ಗೇರು; ನಡುವೆ ಒಮ್ಮೊಮ್ಮೆ ಗಿಡಗಂಟಿಯೊಳಗಿಂದ ಇಣುಕುವ ಮುರಿದ ಗೋಡೆ. ಮನೆಗಳು ವಿರಳ. ಇಲ್ಲೊಂದು ಕಾಲದಲ್ಲಿ ಪೂರ್ವ ಆಫ್ರಿಕದಿಂದ ಮಕಾವಿನವರೆಗೆ ಹಬ್ಬಿದ್ದ ಪೋರ್ಚುಗೀಸ್ ಆಳ್ವಿಕೆಯ ರಾಜಧಾನಿಯಿತ್ತು ಎಂಬುದನ್ನು ನಂಬುವುದು ಕಷ್ಟ. ಬಿಜಾಪುರದ ಆದಿಲಶಾಹಿಗಳ ಬಂದರಾಗಿದ್ದ ಈ ಊರನ್ನು ಅಫೊನ್ಸೊ ದೆ ಅಲ್ಬುಕರ್ಕ್ 1510ರಲ್ಲಿ ಗೆದ್ದನು. 1530ರಲ್ಲಿ ರಾಜಧಾನಿ ಕೊಚ್ಚಿಯಿಂದ ಇಲ್ಲಿಗೆ ಬಂತು. ಗೋವೆಯನ್ನು ಕಂಡವನು ಲಿಸ್ಬನ್ ಕಾಣಬೇಕಿಲ್ಲ ಎಂಬ ಗಾದೆ ಹುಟ್ಟಿತು. ಆಮೇಲೆ ಮಲೇರಿಯಾ, ಕಾಲರಾ ಮತ್ತೆ ಮತ್ತೆ ಬಂದು ಜನರನ್ನು ಬಲಿ ತೆಗೆದುಕೊಂಡವು, ವ್ಯಾಪಾರ ಡಚ್ಚರ ಕೈಗೆ ಜಾರಿತು, ವೈಸರಾಯ್ 1759ರಲ್ಲಿ ಪಣಜಿಗೆ ಹೊರಟುಹೋದನು, 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಅರಮನೆ, ಸುಂಕದ ಕಟ್ಟೆ, ಬಜಾರು, ಶ್ರೀಮಂತರ ಮನೆ ಎಲ್ಲವೂ ಅಳಿದು, ಚರ್ಚುಗಳು ಮಾತ್ರ ಉಳಿದವು. 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ನಗರವಲ್ಲ. ಗೋವೆಯ ಚರ್ಚುಗಳು ಮತ್ತು ಕಾನ್ವೆಂಟುಗಳು.

ಮೊದಲು ಬೊಮ್ ಜೆಸುಸ್ ಬೆಸಿಲಿಕಾಕ್ಕೆ ಹೋದೆವು. ಏಷ್ಯಾದಲ್ಲಿ ಕ್ರೈಸ್ತ ಮತವನ್ನು ಸಾರಿದ ಜೆಸ್ವಿಟ್ ಪಾದ್ರಿ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬ ಡಿಸೆಂಬರ್ 3ರಂದು. ಅದಕ್ಕೆ ಮುಂಚಿನ ಒಂಬತ್ತು ದಿನಗಳ ನೊವೆನಾ ನಡೆಯುತ್ತಿತ್ತು. ಅಂಗಳದ ಚಪ್ಪರದಲ್ಲಿ ಕೊಂಕಣಿಯಲ್ಲಿ ಬಲಿಪೂಜೆ, ರಸ್ತೆಬದಿಯಲ್ಲಿ ಖಾಜೆ, ಕಡಲೆ, ಮೇಣದಬತ್ತಿ ಮಾರುವ ಸಾಲು ಅಂಗಡಿಗಳು. ಮೇಣದಲ್ಲಿ ಎರಕ ಹೊಯ್ದ ಕೈ, ಕಾಲು, ಕಣ್ಣು, ಪುಟ್ಟ ಮಗುವಿನ ಆಕೃತಿಗಳನ್ನೂ ಮಾರುತ್ತಿದ್ದರು. ನೋವಿರುವ ಅಂಗದ ಆಕೃತಿಯನ್ನು ಹರಕೆಯಾಗಿ ಒಪ್ಪಿಸುವುದು ರೂಢಿ. ನಮ್ಮ ಕರಾವಳಿಯ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಪಾದ ಒಪ್ಪಿಸುವುದನ್ನು ಕಂಡವರಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಬೆಳಗಾವಿಯ ಕಡೆಯಿಂದ ಬರಿಗಾಲಿನಲ್ಲಿ ನಡೆದು ಬಂದ ಒಂದು ತಂಡ ನೆರಳಿನಲ್ಲಿ ಕಾಲು ಚಾಚಿ ಕುಳಿತು, ಕನ್ನಡ ಮತ್ತು ಕೊಂಕಣಿಯನ್ನು ಬೆರೆಸಿ ಮಾತಾಡುತ್ತಿತ್ತು.

ಚಿಕ್ಕಪ್ಪ ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಗೋಡೆಯ ಬಳಿಗೆ ಹೋದರು. 1594ರ ನವೆಂಬರಿನಲ್ಲಿ ಕೆಲಸ ಆರಂಭವಾಗಿ 1605ರ ಮೇ 15ರಂದು ಪ್ರತಿಷ್ಠೆಯಾದ ಈ ಚರ್ಚು ಹಳೆ ಗೋವೆಯ ಉಳಿದೆಲ್ಲ ಚರ್ಚುಗಳಿಗಿಂತ ಬೇರೆಯಾಗಿ ಕಾಣಲು ಕಾರಣ, ಇದರ ಗೋಡೆಗೆ ಗಾರೆಯಿಲ್ಲ. ಹೊರಗೋಡೆಗಳಿಗೆ ಮೊದಲಿದ್ದ ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ಕೆರೆದು ತೆಗೆದರು; ಹಳೆಯ ಕಲ್ಲಿನ ಗಾಂಭೀರ್ಯ ಕಾಣಲಿ ಎಂಬುದು ಉದ್ದೇಶವಾಗಿತ್ತು ಎನ್ನುತ್ತಾರೆ. ಮುಂಭಾಗದಲ್ಲಿ ಬಾಗಿಲು, ಅದರ ಮೇಲೆ ಚೌಕದ ಕಿಟಕಿ, ಅದರ ಮೇಲೆ ದುಂಡು ಕಿಟಕಿ, ಎಲ್ಲವೂ ಮೂರು ಮೂರು. ತುದಿಯಲ್ಲಿ ಯೇಸುವಿನ ನಾಮದ ಸಂಕೇತವಾದ ಮೂರು ಅಕ್ಷರಗಳ ಕೆತ್ತನೆ. ಕಂಬ, ಪಟ್ಟಿ, ಅಲಂಕಾರಗಳಿಗೆ ವಸಾಯಿಯಿಂದ ತರಿಸಿದ ಕಪ್ಪು ಬಸಾಲ್ಟ್ ಶಿಲೆ. ಆ ಕಪ್ಪು ಶಿಲೆಯ ಹೂಬಳ್ಳಿಯ ಅಂಚು ಇಂದಿಗೂ ಹರಿತವಾಗಿದೆ. ಅದಕ್ಕೆ ತಾಗಿಕೊಂಡೇ ಇರುವ ಚಿರೇಕಲ್ಲಿನ ಮೈ ಮಾತ್ರ ಜೇನುಹುಟ್ಟಿನಂತೆ ತೂತು ತೂತಾಗಿತ್ತು. ಒಂದು ಕಲ್ಲಿನ ಕೆಳಮೂಲೆಯಲ್ಲಿ ಚಿಕ್ಕಪ್ಪನ ಹೆಬ್ಬೆರಳು ಪೂರ್ತಿ ಕೂರುವಷ್ಟು ಆಳದ ಕುಳಿ. ಅದರೊಳಗೆ ಮಳೆಗಾಲದ ಪಾಚಿ ಒಣಗಿ ಕಪ್ಪಗಾಗಿತ್ತು. ಬೆರಳು ತೆಗೆದಾಗ ತುದಿಗೆ ಕೆಂಪು ಹುಡಿ ಅಂಟಿತ್ತು.

"ಈ ಕಲ್ಲಿಗೆ ಹೊದಿಕೆ ಬೇಕು, ತಮ್ಮಾ" ಎಂದರು ಅವರು. "ಕಣಿಯಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ, ಅದೆಲ್ಲ ನಿಜ. ಆದರೆ ಹೊಟ್ಟೆಯೊಳಗಿನ ಮಣ್ಣು ಮಣ್ಣೇ. ನಮ್ಮ ಮಳೆಯ ಎದುರು ಬರಿಮೈಯಲ್ಲಿ ನಿಲ್ಲಿಸಬಾರದು." ಗಾರೆಯನ್ನು ಮತ್ತೆ ಹಾಕಬೇಕೆ, ಕಣ್ಣಿಗೆ ಒಗ್ಗಿಹೋದ ಕೆಂಪು ರೂಪವನ್ನೇ ಉಳಿಸಬೇಕೆ ಎಂಬ ಚರ್ಚೆ ಗೋವೆಯಲ್ಲಿ ಈಚಿನ ವರ್ಷಗಳಲ್ಲಿ ಬಿಸಿಯಾಗಿಯೇ ನಡೆದಿದೆ. ಚಿತ್ರಪಟಗಳಲ್ಲಿ, ಅಂಚೆಕಾರ್ಡುಗಳಲ್ಲಿ ಕಂಡ ಕೆಂಪು ಮುಖವೇ ಬೊಮ್ ಜೆಸುಸ್ ಎಂದು ಎರಡು ತಲೆಮಾರು ಬೆಳೆದುಬಿಟ್ಟಿದೆ. ನಾನೂ ಅದರ ಚೆಲುವಿಗೆ ಸೋತವನೇ. ಆದರೂ ಆ ಹೆಬ್ಬೆರಳಿನ ಕುಳಿಯನ್ನು ನೋಡಿದ ಮೇಲೆ, ಗಾರೆ ಹಾಕಬೇಕು ಎನ್ನುವವರ ಕಡೆಗೇ ನನ್ನ ಮನಸ್ಸು ನಿಂತಿತು.

ಒಳಗೆ ಮುಖ್ಯ ಪೀಠದಲ್ಲಿ ಬಾಲಯೇಸು, ಅವನ ಹಿಂದೆ ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಶಿಯಸ್ ಲೊಯೋಲಾನ ಬೃಹತ್ತಾದ ಮೂರ್ತಿ, ಅದಕ್ಕೂ ಮೇಲೆ ಕಿರಣ ಚಾಚಿದ ಬಂಗಾರದ ಸೂರ್ಯ. ಬಲಬದಿಯ ಗುಡಿಯಲ್ಲಿ ಫ್ರಾನ್ಸಿಸ್ ಝೇವಿಯರ್ ಶರೀರವಿರುವ ಬೆಳ್ಳಿಯ ಪೆಟ್ಟಿಗೆ. ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ 1552ರ ಡಿಸೆಂಬರ್ 3ರಂದು ತೀರಿಕೊಂಡ ಅವರ ದೇಹವನ್ನು ಮಲಕ್ಕಾದ ಮೂಲಕ 1554ರಲ್ಲಿ ಗೋವೆಗೆ ತಂದರು. ಈ ಚರ್ಚಿಗೆ ಬಂದದ್ದು 1624ರಲ್ಲಿ. ಕೆಳಗಿನ ಅಮೃತಶಿಲೆಯ ಪೀಠ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳುಹಿಸಿದ ಕಾಣಿಕೆ. ಫ್ಲಾರೆನ್ಸಿನ ಶಿಲ್ಪಿ ಜೊವಾನ್ನಿ ಬಾಟಿಸ್ಟಾ ಫೊಜ್ಜಿನಿ ಹತ್ತು ವರ್ಷ ದುಡಿದು ಮಾಡಿದ ಅದನ್ನು 1698ರಲ್ಲಿ ಇಲ್ಲಿ ಜೋಡಿಸಿದರು. ಮೇಲಿನ ಬೆಳ್ಳಿಯ ಪೆಟ್ಟಿಗೆ ಮಾತ್ರ ಗೋವೆಯ ಅಕ್ಕಸಾಲಿಗರ ಕೈಕೆಲಸ, 1637ರದು. ಹತ್ತು ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ ಸಾರ್ವಜನಿಕ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲ ಇಟ್ಟದ್ದು 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ. ಸರದಿಯಲ್ಲಿ ನಮ್ಮ ಮುಂದಿದ್ದ ಮುದುಕಿಯೊಬ್ಬರು ಎತ್ತರದ ಆ ಪೆಟ್ಟಿಗೆಯನ್ನು ತಲೆಯೆತ್ತಿ ನೋಡಿ, ಕೈಯಲ್ಲಿದ್ದ ಮಗುವಿನ ಅಂಗಿಯೊಂದನ್ನು ಕಂಬಕ್ಕೆ ಮುಟ್ಟಿಸಿ, ಮಡಚಿ ಚೀಲದೊಳಗೆ ಇಟ್ಟುಕೊಂಡರು.

ರಾತ್ರಿ ರಿಬಂದರದಲ್ಲಿ ಚಿಕ್ಕಪ್ಪನ ಹಳೆಯ ಪರಿಚಯದವರ ಮನೆಯಲ್ಲಿ ಉಳಿದೆವು. ಕೊಂಕಣಿ ಮಾತು, ಕೆಂಪಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ. ಊರು ಬಿಟ್ಟು ಬಂದೆವೆಂದು ಅನ್ನಿಸಲೇ ಇಲ್ಲ.

ಎರಡನೆಯ ದಿನ

ಬೆಳಿಗ್ಗೆ ಸೆ ಕಥೀಡ್ರಲ್. ಬೊಮ್ ಜೆಸುಸ್‌ನ ಎದುರಿಗೆ, ರಸ್ತೆಯಾಚೆಯ ಹುಲ್ಲುಹಾಸಿನ ಮೇಲೆ ಇದು ಬೆಳ್ಳಗೆ, ನಿಶ್ಶಬ್ದವಾಗಿ ನಿಂತಿದೆ. 1562ರಲ್ಲಿ ದೊರೆ ಸೆಬಾಸ್ಟಿಯನ್ನನ ಕಾಲಕ್ಕೆ ಕಟ್ಟಲು ಆರಂಭಿಸಿ, 1619ರಲ್ಲಿ ಮುಗಿಸಿ, 1640ರಲ್ಲಿ ಪ್ರತಿಷ್ಠೆ ಮಾಡಿದರು. ಉದ್ದ 76 ಮೀಟರ್, ಅಗಲ 55 ಮೀಟರ್. ಇದೂ ಚಿರೇಕಲ್ಲೇ; ಆದರೆ ಸುಣ್ಣದ ಗಾರೆಯ ಹೊದಿಕೆಯೊಳಗೆ ಕಲ್ಲು ಎಲ್ಲಿಯೂ ಕಾಣುವುದಿಲ್ಲ. ಮುಂಭಾಗದ ಎರಡೂ ಬದಿಗೆ ಗೋಪುರಗಳಿದ್ದವು. 1776ರಲ್ಲಿ ಒಂದು ಕುಸಿಯಿತು. ಅದನ್ನು ಮತ್ತೆ ಕಟ್ಟಲೇ ಇಲ್ಲ. ಆ ಹೊತ್ತಿಗೆ ರಾಜಧಾನಿಯ ಶಕ್ತಿ ಉಡುಗಿತ್ತು ಎಂಬುದಕ್ಕೆ ಆ ಖಾಲಿ ಜಾಗಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ.

ಒಳಗೆ ಹೆಜ್ಜೆಯಿಟ್ಟಾಗ ಮೊದಲು ತಟ್ಟಿದ್ದು ತಂಪು. ಗೋಡೆಗಳ ದಪ್ಪದಿಂದ ಬರುವ, ನಮ್ಮ ಹಳೆಯ ಮನೆಗಳ ಉಗ್ರಾಣದಲ್ಲಿರುವ ತಂಪು. ಮುಖ್ಯ ಪೀಠದ ಹಿಂದಿನ ಬಂಗಾರದ ಲೇಪದ ಮರದ ಫಲಕಗಳು ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಬಾಳನ್ನೂ ಬಲಿದಾನವನ್ನೂ ಹೇಳುತ್ತವೆ. ಅಲ್ಬುಕರ್ಕ್ ಊರನ್ನು ಗೆದ್ದ ನವೆಂಬರ್ 25 ಅವಳ ಹಬ್ಬದ ದಿನವಾದ್ದರಿಂದ ಅವಳೇ ಈ ನಗರದ ರಕ್ಷಕಿಯಾದಳು. ಬದಿಯ ಗುಡಿಗಳಲ್ಲಿ ಒಂದರಲ್ಲಿ ಪವಾಡದ ಶಿಲುಬೆಯಿದೆ. 1619ರಲ್ಲಿ ಆ ಶಿಲುಬೆಯ ಮೇಲೆ ಕ್ರಿಸ್ತನ ದರ್ಶನವಾಯಿತೆಂದೂ ಅದು ಬೆಳೆಯುತ್ತ ಬಂದಿದೆಯೆಂದೂ ಭಕ್ತರ ನಂಬಿಕೆ. ಬಾಗಿಲ ಹತ್ತಿರದ ಜ್ಞಾನಸ್ನಾನದ ಕಲ್ಲಿನ ತೊಟ್ಟಿಯನ್ನು ಝೇವಿಯರ್ ಬಳಸಿದ್ದರು ಎಂದು ಹೇಳುತ್ತಾರೆ.

ಉಳಿದ ಗೋಪುರದಲ್ಲಿ ಬಂಗಾರದ ಗಂಟೆಯೆಂದು ಹೆಸರಾದ, ಗೋವೆಯಲ್ಲೇ ಅತಿ ದೊಡ್ಡ ಗಂಟೆ ತೂಗುತ್ತಿದೆ. ನಾದ ಅಷ್ಟು ಇಂಪಾದ್ದರಿಂದ ಆ ಹೆಸರು. ಆದರೆ ಅದರ ನೆನಪು ಇಂಪಾದದ್ದು ಮಾತ್ರವಲ್ಲ. ಗೋವೆಯಲ್ಲಿ 1560ರಿಂದ 1812ರವರೆಗೆ, ನಡುವೆ 1774ರಿಂದ 1778ರವರೆಗಿನ ಅವಧಿಯನ್ನು ಬಿಟ್ಟರೆ, ಇನ್‌ಕ್ವಿಸಿಶನ್ ಎಂಬ ಮತವಿಚಾರಣೆಯ ನ್ಯಾಯಾಲಯ ನಡೆಯಿತು. ಅದರ ಕಟ್ಟಡ ಈ ಕಥೀಡ್ರಲ್ ಎದುರಿನ ಚೌಕದಲ್ಲಿತ್ತು. ಜನ ಅದನ್ನು ವ್ಹಡ್ಲೆಂ ಘರ್, ಅಂದರೆ ದೊಡ್ಡ ಮನೆ ಎಂದು ದನಿ ತಗ್ಗಿಸಿ ಹೇಳುತ್ತಿದ್ದರು. ತೀರ್ಪು ಓದುವ ದಿನ ಈ ಗಂಟೆಯನ್ನು ಬಾರಿಸುತ್ತಿದ್ದರು. ಭಾರತದ ಗಿಡಮೂಲಿಕೆಗಳನ್ನು ಯುರೋಪಿಗೆ ಪರಿಚಯಿಸಿದ ವೈದ್ಯ ಗಾರ್ಸಿಯಾ ದ ಒರ್ತಾ ಇದೇ ಊರಿನಲ್ಲಿ ಬಾಳಿದವರು. ಸತ್ತ ಬಳಿಕ ಅವರು ಗುಟ್ಟಾಗಿ ಯೆಹೂದಿಯಾಗಿದ್ದರೆಂದು ತೀರ್ಮಾನಿಸಿ, 1580ರಲ್ಲಿ ಅವರ ಎಲುಬುಗಳನ್ನು ಗೋರಿಯಿಂದ ಅಗೆದು ತೆಗೆದು ಸುಟ್ಟರು. ದೊಡ್ಡ ಮನೆ ಇಂದು ಇಲ್ಲ. ಅದಿದ್ದ ಕಡೆ ಹುಲ್ಲು ಬೆಳೆದಿದೆ. ಅಲ್ಲೊಂದು ಕಲ್ಲು ನೆಟ್ಟು ನಾಲ್ಕು ಸಾಲು ಬರೆಯಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸಿತು.

ಈ ಇತಿಹಾಸ ಕನ್ನಡದ ಕರಾವಳಿಗೆ ದೂರದ್ದಲ್ಲ. 1540ರ ನಂತರ ಗೋವೆಯ ದೇವಸ್ಥಾನಗಳು ನೆಲಸಮವಾದಾಗ ಮಂಗೇಶ, ಶಾಂತೇರಿ ಮೊದಲಾದ ದೇವರುಗಳನ್ನು ಹೊತ್ತು ಕೆಲವರು ನದಿಯಾಚೆ ಅಂತ್ರೂಜಿಗೆ, ಅಂದರೆ ಈಗಿನ ಫೋಂಡಾದ ಕಡೆಗೆ ಹೋದರು. ಅನೇಕ ಸಾರಸ್ವತ ಕುಟುಂಬಗಳು ದಕ್ಷಿಣಕ್ಕೆ, ನಮ್ಮ ಅಂಕೋಲೆ, ಕುಮಟೆ, ಭಟ್ಕಳ, ಮಂಗಳೂರಿನವರೆಗೆ ಇಳಿದು ಬಂದವು. ಮತಾಂತರಗೊಂಡ ಕೊಂಕಣಿ ಕ್ರೈಸ್ತರೂ ವಿಚಾರಣೆಯ ಹೆದರಿಕೆ, ಬರ, ಯುದ್ಧಗಳಿಂದ ತಪ್ಪಿಸಿಕೊಂಡು ಅದೇ ದಾರಿಯಲ್ಲಿ ಬಂದರು. ಮನೆಬಿಟ್ಟವರ ಎರಡು ಗುಂಪುಗಳೂ ಒಂದೇ ಭಾಷೆಯನ್ನು ಬಾಯಲ್ಲಿ ಹೊತ್ತು ತಂದವು. ಹಾಗೆ ಬಂದ ಕ್ರೈಸ್ತರನ್ನು ಹುಡುಕಿಕೊಂಡು ಗೋವೆಯ ಬಾಣಾವಲಿಯ ಪಾದ್ರಿ ಜೋಸೆಫ್ ವಾಜ್ 1681ರಲ್ಲಿ ಕೆನರಾಕ್ಕೆ ಬಂದು, ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರಗಳಲ್ಲಿ ಮೂರು ವರ್ಷ ನಡೆದಾಡಿದರು. ಆಮೇಲೆ ಸಿಲೋನಿಗೆ ಹೋದ ಅವರನ್ನು 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತರೆಂದು ಘೋಷಿಸಲಾಯಿತು.

ಕಥೀಡ್ರಲ್‌ನ ಹಿಂಬದಿಗೆ ಅಸಿಸಿಯ ಸಂತ ಫ್ರಾನ್ಸಿಸರ ಚರ್ಚು. ಈಗಿನ ಕಟ್ಟಡ 1661ರದು. ಆದರೆ ಬಾಗಿಲುವಾಡ ಮಾತ್ರ ಅದಕ್ಕೂ ಹಿಂದಿನ, 1521ರ ಚರ್ಚಿನದು. ಹಡಗಿನ ಹಗ್ಗದಂತೆ ಹೆಣೆದ ಕೆತ್ತನೆಯ ಆ ಕಪ್ಪು ಶಿಲೆಯ ಚೌಕಟ್ಟನ್ನು ಬಿಚ್ಚಿ ಎಸೆಯದೆ ಹೊಸ ಗೋಡೆಯಲ್ಲಿ ಕೂರಿಸಿದ್ದಾರೆ. ಚಿಕ್ಕಪ್ಪ ಅದನ್ನು ಬಹಳ ಮೆಚ್ಚಿದರು. ಮನೆ ಹೊಸದಾಗಿ ಕಟ್ಟುವಾಗ ಅಜ್ಜನ ಕಾಲದ ಬಾಗಿಲುವಾಡವನ್ನು ಉಳಿಸಿಕೊಳ್ಳುವವರು ಈಗ ಕಡಿಮೆ ಎಂದರು. ಒಳಗೆ ಕಾಲಿಟ್ಟಲ್ಲೆಲ್ಲ ಗೋರಿಯ ಚಪ್ಪಡಿಗಳು, ಅವುಗಳ ಮೇಲೆ ಮನೆತನದ ಲಾಂಛನಗಳು. ನಾಲ್ಕು ನೂರು ವರ್ಷದ ಪಾದಗಳು ಸವೆಸಿದ ಹೆಸರುಗಳು. ಪಕ್ಕದ ಕಾನ್ವೆಂಟು ಈಗ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ. ಅಲ್ಲಿ ಗವರ್ನರು, ವೈಸರಾಯರ ಸಾಲು ಸಾಲು ಚಿತ್ರಗಳ ಜೊತೆಗೆ ಕದಂಬರ ಕಾಲದ ವೀರಗಲ್ಲುಗಳೂ ಇವೆ. ಹಡಗಿನಲ್ಲಿ ನಿಂತು ಕಾದುವ ವೀರರನ್ನು ಕೆತ್ತಿದ ಕಲ್ಲಿನ ಮುಂದೆ ನಾನು ಬಹಳ ಹೊತ್ತು ನಿಂತೆ.

ಅಲ್ಲಿಂದ ಕೆಲವು ಹೆಜ್ಜೆ ಪಶ್ಚಿಮಕ್ಕೆ ಸಂತ ಕ್ಯಾಥರೀನಳ ಪುಟ್ಟ ಗುಡಿ. ಅಲ್ಬುಕರ್ಕ್ ನಗರವನ್ನು ಹೊಕ್ಕ ಬಾಗಿಲು ಇಲ್ಲಿತ್ತೆಂದು ಗೋಡೆಯ ಶಾಸನ ಹೇಳುತ್ತದೆ. ಅವನು 1510ರಲ್ಲಿ ಕಟ್ಟಿಸಿದ ಗುಡಿಯನ್ನು 1550ರಲ್ಲಿ ದೊಡ್ಡದಾಗಿ ಕಟ್ಟಿದರು. ಹೊನ್ನಾವರದ ಕಡಲ ನಾಯಕ ತಿಮೋಜ ಗೋವೆಯ ದಾರಿ ತೋರಿಸಿ, ತನ್ನ ಹಡಗುಗಳನ್ನು ಜೊತೆಗೆ ಕಳುಹಿಸದಿದ್ದರೆ ಆ ಮುತ್ತಿಗೆ ಬೇರೆಯೇ ರೂಪ ತಾಳುತ್ತಿತ್ತು. ಅವನ ಹೆಸರು ಇಲ್ಲಿಯ ಯಾವ ಕಲ್ಲಿನ ಮೇಲೂ ನನಗೆ ಕಾಣಲಿಲ್ಲ.

ಮೂರನೆಯ ದಿನ

ಈ ದಿನ ಪೂರ್ತಿ ಮೊಂತೆ ಸಾಂತೊ ಎಂಬ ಪವಿತ್ರ ಗುಡ್ಡಕ್ಕೆ. ಏರುವಾಗಲೇ ಮರಗಳ ಮೇಲಿಂದ ಸಂತ ಅಗಸ್ಟೀನರ ಚರ್ಚಿನ ಮುರಿದ ಗೋಪುರ ಕಾಣಿಸಿಕೊಳ್ಳುತ್ತದೆ. 46 ಮೀಟರ್ ಎತ್ತರದ ಗೋಪುರವದು. ಈಗ ಅದರ ಒಂದು ಮಗ್ಗುಲು ಮಾತ್ರ, ಉದ್ದಕ್ಕೆ ಸೀಳಿದ ತೆಂಗಿನ ಬೊಡ್ಡೆಯಂತೆ, ಆಕಾಶಕ್ಕೆ ತೆರೆದುಕೊಂಡು ನಿಂತಿದೆ. ಅಗಸ್ಟೀನಿಯನ್ ಸನ್ಯಾಸಿಗಳು ಗೋವೆಗೆ ಬಂದದ್ದು 1572ರಲ್ಲಿ. ಚರ್ಚು ಪೂರ್ಣಗೊಂಡದ್ದು 1602ರಲ್ಲಿ. ಬೊಮ್ ಜೆಸುಸ್‌ನ ಓರಗೆಯದು; ಅದೇ ಕಲ್ಲು, ಅದೇ ಸುಣ್ಣ, ಪ್ರಾಯಶಃ ಅದೇ ಕೈಗಳು. ಆದರೆ ಪೋರ್ಚುಗಲ್ಲಿನ ಸರ್ಕಾರ ಸನ್ಯಾಸಿ ಸಂಘಗಳನ್ನು ರದ್ದುಪಡಿಸಿದಾಗ, 1835ರಲ್ಲಿ, ಇಲ್ಲಿಯವರೂ ಹೊರಟುಹೋಗಬೇಕಾಯಿತು. ಬಾಗಿಲು ಮುಚ್ಚಿತು. ಏಳೇ ವರ್ಷದಲ್ಲಿ, 1842ರಲ್ಲಿ, ದೊಡ್ಡ ಕಮಾನುಚಾವಣಿ ಕುಸಿದು ಮುಖ್ಯ ಮೂರ್ತಿಯ ಮೇಲೆ ಬಿತ್ತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು.

ಏಳು ವರ್ಷ ಎಂಬ ಮಾತಿಗೆ ಚಿಕ್ಕಪ್ಪ ಬೆಚ್ಚಲಿಲ್ಲ. "ಒಂದು ಹಂಚು ಸರಿದರೆ ಸಾಕು" ಎಂದರು. "ಮಳೆನೀರು ಗೋಡೆಯ ನೆತ್ತಿಯೊಳಗೆ ಇಳಿಯುತ್ತದೆ. ಒಳಗಿನ ಸುಣ್ಣ ತೊಳೆದುಹೋಗುತ್ತದೆ. ಆಲದ ಬೀಜವೊಂದು ಬಿದ್ದರೆ ಮುಗಿಯಿತು. ಯಾರಾದರೂ ಪ್ರತಿ ಮಳೆಗಾಲದ ಮೊದಲು ಏಣಿ ಹಾಕಿ ಹತ್ತುವವರು ಬೇಕು." ನಮ್ಮ ಮನೆಯಲ್ಲಿ ಮೇ ತಿಂಗಳ ಕೊನೆಗೆ ಅವರೇ ಏಣಿ ಹತ್ತಿ ಹಂಚು ಸರಿಪಡಿಸುತ್ತಿದ್ದುದು, ದೀಪಾವಳಿಗೆ ಮುಂಚೆ ಚಿಪ್ಪಿನ ಸುಣ್ಣವನ್ನು ನೀರಲ್ಲಿ ಅರಳಿಸಿ ಗೋಡೆಗೆ ಬಳಿಯುತ್ತಿದ್ದುದು ನನಗೆ ನೆನಪಾಯಿತು. ಕೆಳಗಿನ ಬೊಮ್ ಜೆಸುಸ್‌ಗೂ ಸೆ ಕಥೀಡ್ರಲ್‌ಗೂ ನಗರ ಖಾಲಿಯಾದ ಮೇಲೂ ಪೂಜೆ ತಪ್ಪಲಿಲ್ಲ. ಪೂಜೆ ಇದ್ದುದರಿಂದ ದೀಪ ಹಚ್ಚುವವರು, ಕಸ ಗುಡಿಸುವವರು, ಸೋರಿದ್ದನ್ನು ನೋಡಿ ಮೇಸ್ತ್ರಿಯನ್ನು ಕರೆಯುವವರು ಇದ್ದರು. ಈ ಗುಡ್ಡದಲ್ಲಿ ಅಂಥವರು ಇಲ್ಲವಾದರು.

ಪುರಾತತ್ವ ಇಲಾಖೆಯವರು ಮಣ್ಣು ತೆಗೆದು ತೆರೆದಿಟ್ಟ ಪಾಯದ ನಡುವೆ ನಡೆದೆವು. ಎಂಟು ಬದಿಗುಡಿಗಳ ಗುರುತು, ಪೀಠಗಳ ಕಟ್ಟೆ, ನೆಲದಲ್ಲಿ ಗೋರಿಗಲ್ಲು. ಒಂದು ಗೋಡೆಯಲ್ಲಿ ನೀಲಿ, ಹಳದಿ ಬಣ್ಣದ ಮೆರುಗಿನ ಬಿಲ್ಲೆಗಳು ಇನ್ನೂ ಅಂಟಿಕೊಂಡಿವೆ. ಚಿಕ್ಕಪ್ಪ ಬಗ್ಗಿ ಬಿಲ್ಲೆಯ ಹಿಂದಿನ ಗಾರೆಯನ್ನು ನೋಡಿದರು. ಬೆರಳಿನಷ್ಟು ದಪ್ಪದ ಆ ಪದರದಲ್ಲಿ ಪೂರ್ತಿ ಅರೆಯದೆ ಉಳಿದ ಬಿಳಿ ಚಿಪ್ಪಿನ ಚೂರುಗಳು ಅಕ್ಕಿನುಚ್ಚಿನಂತೆ ಮಿನುಗುತ್ತಿದ್ದವು. ಅವರು ಸುಣ್ಣ ಸುಡಲು ಹೊಳೆಯ ಬೆಳಚಿನ ಚಿಪ್ಪು ಕೊಳ್ಳುತ್ತಿದ್ದವರು. ಮುಟ್ಟದೆ, ಮಾತಾಡದೆ, ಸುಮ್ಮನೆ ನೋಡುತ್ತ ಕುಳಿತುಬಿಟ್ಟರು.

ಜಾರ್ಜಿಯಾದ ರಾಣಿ ಕೆಟೆವಾನಳ ಕಥೆ ಈ ಅವಶೇಷಗಳಿಗೆ ಸೇರಿದ್ದು. ಪರ್ಷಿಯದ ಶಾ ಅಬ್ಬಾಸನ ಸೆರೆಯಲ್ಲಿದ್ದ ಅವಳು ತನ್ನ ಮತವನ್ನು ಬಿಡಲೊಪ್ಪದೆ 1624ರಲ್ಲಿ ಶಿರಾಜ್‌ನಲ್ಲಿ ಚಿತ್ರಹಿಂಸೆಯಿಂದ ಸತ್ತಳು. ಅಲ್ಲಿದ್ದ ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯ ಒಂದು ಭಾಗವನ್ನು ಗೋವೆಗೆ ತಂದು ಈ ಕಾನ್ವೆಂಟಿನ ಕಿಟಕಿಯೊಂದರ ಬಳಿ ಕಲ್ಲಿನ ಪೆಟ್ಟಿಗೆಯಲ್ಲಿ ಇರಿಸಿದರು. ಹಳೆಯ ಪೋರ್ಚುಗೀಸ್ ಬರಹಗಳ ಜಾಡು ಹಿಡಿದು ಹುಡುಕಿದ ಪುರಾತತ್ವಜ್ಞರಿಗೆ 2005ರಲ್ಲಿ ಮೂಳೆಗಳು ಸಿಕ್ಕವು. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ನಡೆಸಿ, ಅವು ಭಾರತದ ಜನರದಲ್ಲದ, ಜಾರ್ಜಿಯಾದಲ್ಲಿ ದೊರೆಯುವ ತಾಯಿವಂಶಕ್ಕೆ ಸೇರಿದವು ಎಂದು ತೋರಿಸಿದರು. 2021ರ ಜುಲೈಯಲ್ಲಿ ಭಾರತ ಸರ್ಕಾರ ಅಸ್ಥಿಯ ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಚಾವಣಿ ಬಿದ್ದು, ಕಾಡು ಬೆಳೆದು, ಕಲ್ಲುಗಳನ್ನು ಜನ ಹೊತ್ತೊಯ್ದ ಮೇಲೂ ಆ ಮೂಳೆಗಳು ಮಣ್ಣಿನಡಿ ಕಾದಿದ್ದವು.

ರಸ್ತೆಯ ಇನ್ನೊಂದು ಬದಿಗೆ ಸಾಂತಾ ಮೋನಿಕಾ ಸನ್ಯಾಸಿನಿಯರ ಕಾನ್ವೆಂಟು. 1606ರಲ್ಲಿ ಆರಂಭವಾಗಿ 1627ರಲ್ಲಿ ಮುಗಿದ, ಮೂರು ಅಂತಸ್ತಿನ, ಕೋಟೆಯಂಥ ಕಟ್ಟಡ. ಸಂಘಗಳು ರದ್ದಾದರೂ ಒಳಗಿದ್ದ ಸನ್ಯಾಸಿನಿಯರನ್ನು ಹೊರಗೆ ಹಾಕಲಿಲ್ಲ, ಹೊಸಬರನ್ನು ಸೇರಿಸಿಕೊಳ್ಳಬಾರದೆಂದರು. ಒಬ್ಬೊಬ್ಬರಾಗಿ ಕಣ್ಮುಚ್ಚುತ್ತ ಹೋಗಿ, ಕೊನೆಯವರು 1885ರಲ್ಲಿ ತೀರಿಕೊಂಡರು. ಅಷ್ಟು ದೊಡ್ಡ ಕಟ್ಟಡದಲ್ಲಿ ಒಬ್ಬಳೇ ವೃದ್ಧೆ ಸಂಜೆಯ ಪ್ರಾರ್ಥನೆ ಹೇಳುತ್ತಿದ್ದ ದಿನಗಳನ್ನು ನೆನೆದು ಮನಸ್ಸು ಭಾರವಾಯಿತು. ಈಗ ಅಲ್ಲಿ ಸನ್ಯಾಸಿನಿಯರ ಶಿಕ್ಷಣ ಸಂಸ್ಥೆಯಿದೆ, ಕ್ರೈಸ್ತ ಕಲೆಯ ವಸ್ತುಸಂಗ್ರಹಾಲಯವೂ ಇದೆ. ದಂತದ ಬಾಲಯೇಸು, ಬೆಳ್ಳಿಯ ಪಾತ್ರೆಗಳು, ಬಂಗಾರದ ದಾರದ ಪೂಜಾವಸ್ತ್ರಗಳನ್ನು ನೋಡುತ್ತ ಹೋದಂತೆ, ಇವನ್ನು ಮಾಡಿದ ಕೈಗಳು ಎಲ್ಲಿಯವೆಂಬುದು ತಾನಾಗಿ ತಿಳಿಯುತ್ತದೆ. ದೇವದೂತನ ಕೆನ್ನೆಯಲ್ಲಿ, ಬಳ್ಳಿಯ ಸುರುಳಿಯಲ್ಲಿ ಈ ನೆಲದ ಬಡಗಿ, ಅಕ್ಕಸಾಲಿಗರ ಅಭ್ಯಾಸ ಕಾಣುತ್ತದೆ. ಕ್ರೈಸ್ತ ಮೂರ್ತಿಗಳನ್ನು ಹಿಂದೂ ಕುಶಲಕರ್ಮಿಗಳಿಂದ ಮಾಡಿಸಬಾರದೆಂದು ಚರ್ಚಿನ ಸಭೆಗಳು ಮತ್ತೆ ಮತ್ತೆ ಆಜ್ಞೆ ಹೊರಡಿಸಿದವು. ಮತ್ತೆ ಮತ್ತೆ ಹೊರಡಿಸಬೇಕಾಯಿತು ಎಂದರೆ, ಮಾಡಿಸುವುದು ನಿಲ್ಲಲಿಲ್ಲ ಎಂದೇ ಅರ್ಥ.

ಗುಡ್ಡದ ತುದಿಯಲ್ಲಿ ರೊಸಾರಿಯೊ ಮಾತೆಯ ಚರ್ಚು ಒಂಟಿಯಾಗಿದೆ. 16ನೆಯ ಶತಮಾನದ ನಡುಭಾಗದ್ದು. ಇಲ್ಲಿ ಉಳಿದ ಚರ್ಚುಗಳಲ್ಲಿ ಅತಿ ಹಳೆಯವುಗಳ ಸಾಲಿಗೆ ಸೇರಿದ್ದು. ಅಲ್ಬುಕರ್ಕ್ ಇದೇ ಗುಡ್ಡದಿಂದ ಯುದ್ಧವನ್ನು ನೋಡಿದನೆಂದು ಗೋಡೆಯ ಫಲಕ ಹೇಳುತ್ತದೆ. ಮೂಲೆಗಳಲ್ಲಿ ದುಂಡನೆಯ ಬುರುಜು, ಎತ್ತರದಲ್ಲಿ ಚಿಕ್ಕ ಕಿಟಕಿ. ಶತ್ರು ಮತ್ತೆ ಬಂದಾನೆಂಬ ಹೆದರಿಕೆಯಲ್ಲಿ ಕಟ್ಟಿದ ಪ್ರಾರ್ಥನಾಮಂದಿರ. ಒಳಗೆ ಗವರ್ನರ್ ಗಾರ್ಸಿಯಾ ದೆ ಸಾನ ಹೆಂಡತಿ ಕತರೀನಾ ಆ ಪಿರೊಳ ಸ್ಮಾರಕವಿದೆ. ಗೋವೆಗೆ ಬಂದ ಮೊದಲ ಪೋರ್ಚುಗೀಸ್ ಹೆಂಗಸು ಅವಳೆಂದು ಹೇಳುತ್ತಾರೆ. ಆ ಸ್ಮಾರಕದ ಕಲ್ಲಿನ ಕೆತ್ತನೆ ಗುಜರಾತಿನ ಮಸೀದಿಗಳ ಶೈಲಿಯದು. ಚರ್ಚಿನ ಮುಂದಿನ ಕಟ್ಟೆಯಲ್ಲಿ ಕುಳಿತು ಕೆಳಗೆ ಹರಿಯುವ ಮಾಂಡವಿಯನ್ನು ನೋಡುತ್ತ ಬುತ್ತಿ ಬಿಚ್ಚಿದೆವು. ನಮ್ಮ ಹೊರತು ಅಲ್ಲಿ ಯಾರೂ ಇರಲಿಲ್ಲ.

ನಾಲ್ಕನೆಯ ದಿನ

ಬೆಳಿಗ್ಗೆ ನದಿಯ ದಡಕ್ಕೆ ಇಳಿದೆವು. ವೈಸರಾಯರ ಕಮಾನನ್ನು ವಾಸ್ಕೊ ದ ಗಾಮನ ಮರಿಮಗ ಫ್ರಾನ್ಸಿಸ್ಕೊ ದ ಗಾಮ ತಾನು ವೈಸರಾಯ್ ಆಗಿದ್ದಾಗ, 1597ರಲ್ಲಿ, ಮುತ್ತಜ್ಜನ ನೆನಪಿಗೆ ಕಟ್ಟಿಸಿದನು. ಹೊಸದಾಗಿ ಬಂದ ಪ್ರತಿಯೊಬ್ಬ ವೈಸರಾಯ್ ಹಡಗಿನಿಂದಿಳಿದು ಈ ಕಮಾನಿನ ಕೆಳಗೆ ನಗರದ ಕೀಲಿಕೈ ಪಡೆಯುತ್ತಿದ್ದನು. ಅರಬಸ್ತಾನದ ಕುದುರೆಗಳೂ ಇದೇ ದಡದಲ್ಲಿ ಇಳಿದು, ಘಟ್ಟ ಹತ್ತಿ ವಿಜಯನಗರಕ್ಕೆ ಹೋಗುತ್ತಿದ್ದವು. ಆ ವ್ಯಾಪಾರದ ಸುಂಕ ಈ ನಗರದ ಬೊಕ್ಕಸವನ್ನು ತುಂಬಿದ್ದರಿಂದ, ಇಲ್ಲಿಯ ಪೀಠಗಳ ಬಂಗಾರದಲ್ಲಿ ಹಂಪೆಯ ಹೊನ್ನೂ ಸ್ವಲ್ಪ ಸೇರಿದೆ ಎಂದುಕೊಳ್ಳುವುದು ನನಗೆ ಇಷ್ಟ.

ಕಮಾನು ದಾಟಿ ಸ್ವಲ್ಪ ಮುಂದೆ ಸಂತ ಕಜೆತಾನರ ಚರ್ಚು. ಪೋಪ್ ಎಂಟನೆಯ ಅರ್ಬನ್ ಗೋಲ್ಕೊಂಡಕ್ಕೆ ಕಳುಹಿಸಿದ ಇಟಲಿಯ ಥಿಯಾಟಿನ್ ಪಾದ್ರಿಗಳು ಅಲ್ಲಿ ನೆಲೆ ಸಿಗದೆ ಗೋವೆಯಲ್ಲಿ ಉಳಿದು, 17ನೆಯ ಶತಮಾನದ ಮಧ್ಯದಲ್ಲಿ ರೋಮಿನ ಸಂತ ಪೀಟರ್ ಬೆಸಿಲಿಕಾದ ಮಾದರಿಯಲ್ಲಿ ಇದನ್ನು ಕಟ್ಟಿದರು. ನಡುವಿನ ಗುಮ್ಮಟದ ಕೆಳಗೆ ನಿಂತರೆ ನಾಲ್ಕೂ ದಿಕ್ಕಿಗೆ ಸಮವಾಗಿ ಹರಡಿದ ಬೆಳಕು. ಸರಿಯಾಗಿ ಅದರ ಕೆಳಗೇ, ನೆಲದಲ್ಲಿ, ಮುಚ್ಚಿದ ಬಾವಿಯೊಂದಿದೆ. ಚಿರೇಕಲ್ಲಿನ ಮೇಲೆ ಇಷ್ಟು ದೊಡ್ಡ ಗುಮ್ಮಟದ ಭಾರ ಇಳಿಸಿದ ರೀತಿಯನ್ನು ಚಿಕ್ಕಪ್ಪ ನಾಲ್ಕು ಕಂಬಗಳ ಸುತ್ತ ನಾಲ್ಕು ಸಲ ನಡೆದು ನೋಡಿದರು; ಮೊಳದಿಂದ ಅಳೆದರು; ನನ್ನ ಟಿಪ್ಪಣಿ ಪುಸ್ತಕ ಇಸಿದುಕೊಂಡು ಒಂದು ಗೀಟು ಚಿತ್ರ ಬರೆದುಕೊಂಡರು. ಹೊರಗೆ ತೋಟದಲ್ಲಿ ಆದಿಲಶಾಹನ ಅರಮನೆಯ ಬಾಗಿಲು ಒಂದೇ ಉಳಿದಿದೆ: ಎರಡು ಕಪ್ಪು ಕಂಬ, ಮೇಲೊಂದು ತೊಲೆ, ಬದಿಗೆ ಜಾಲಂಧ್ರದ ತುಣುಕು. ಅದರ ಕೆತ್ತನೆ ನಮ್ಮ ಘಟ್ಟದ ಮೇಲಿನ ದೇವಾಲಯಗಳ ದ್ವಾರಬಂಧವನ್ನು ನೆನಪಿಸುತ್ತದೆ.

ಮಧ್ಯಾಹ್ನದ ಮೇಲೆ ಮೊಂತೆ ಮಾತೆಯ ಗುಡಿಯ ಗುಡ್ಡ ಹತ್ತಿದೆವು. ಅಲ್ಲಿಂದ ಇಡೀ ಹಳೆ ಗೋವೆ ಒಂದೇ ನೋಟಕ್ಕೆ ಸಿಗುತ್ತದೆ. ಹಸಿರು ತೆಂಗಿನ ನಡುವೆ ನಾಲ್ಕಾರು ಬಿಳಿ ಗೋಪುರ, ಒಂದು ಗುಮ್ಮಟ. ನದಿಯಾಚೆ ದಿವಾರ್ ದ್ವೀಪ. ಗೋವೆಯ ಕದಂಬರ ಕುಲದೇವರಾದ ಸಪ್ತಕೋಟೀಶ್ವರನ ದೇವಾಲಯ ಆ ದ್ವೀಪದಲ್ಲಿತ್ತು. ಅದು ನಾಶವಾದ ಮೇಲೆ ಲಿಂಗವನ್ನು ನದಿ ದಾಟಿಸಿ ನಾರ್ವೆ ಎಂಬ ಹಳ್ಳಿಯಲ್ಲಿ ಇರಿಸಿದರು, 1668ರಲ್ಲಿ ಶಿವಾಜಿ ಅಲ್ಲಿಯ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದನು. ಸಪ್ತಕೋಟೀಶ್ವರನ ವರಪ್ರಸಾದ ಪಡೆದವರೆಂದು ಕನ್ನಡ ಶಾಸನಗಳಲ್ಲಿ ಹೇಳಿಕೊಂಡ ಆ ಅರಸರ ಹೆಸರು ಈಗ ಗೋವೆಯ ಸರ್ಕಾರಿ ಬಸ್ಸುಗಳ ಮೇಲಿದೆ. ಅಂಥದೇ ಒಂದು ಕದಂಬ ಬಸ್ಸು ಹತ್ತಿ, 1630ರ ದಶಕದಲ್ಲಿ ಗದ್ದೆ ಜೌಗಿನ ಮೇಲೆ ಮೂರು ಕಿಲೋಮೀಟರ್ ಉದ್ದಕ್ಕೆ ಕಟ್ಟಿದ ಲಿನ್ಹಾರೆಸ್ ಕಟ್ಟೆಯ ರಸ್ತೆಯಲ್ಲಿ ನಾವು ಪಣಜಿಗೆ ಬಂದೆವು.

ಪಣಜಿಗೆ ಬರಲು ಒಂದೇ ಕಾರಣವಿತ್ತು. ಸಂತ ಅಗಸ್ಟೀನರ ಗೋಪುರದ ಗಂಟೆ ಉರುಳಿದ ಕಲ್ಲುಗಳ ಜೊತೆ ಹೋಗಲಿಲ್ಲ. ಅದನ್ನು ಮೊದಲೇ ಇಳಿಸಿದ್ದರು. 1871ರಿಂದ ಅದು ಇಲ್ಲಿಯ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಚರ್ಚಿನ ನೆತ್ತಿಯಲ್ಲಿದೆ. ಗೋವೆಯ ಗಂಟೆಗಳಲ್ಲಿ ಬಂಗಾರದ ಗಂಟೆಯ ನಂತರ ಇದೇ ದೊಡ್ಡದು. ಅಡ್ಡಡ್ಡ ಏರುವ ಬಿಳಿ ಮೆಟ್ಟಿಲುಗಳ ನಡುವಿನ ಹಂತದಲ್ಲಿ ನಾವು ಕುಳಿತೆವು. ಹಬ್ಬದ ತಯಾರಿಗೆಂದು ಇಬ್ಬರು ಹುಡುಗರು ಬಕೆಟ್ಟು, ಕುಂಚ ಹಿಡಿದು ಮೆಟ್ಟಿಲ ಬದಿಯ ಗೋಡೆಗೆ ಬಿಳಿ ಬಳಿಯುತ್ತಿದ್ದರು. ಚಿಕ್ಕಪ್ಪ ಎದ್ದು ಹೋಗಿ, ಬಕೆಟ್ಟಿನೊಳಗೆ ಇಣುಕಿ, ಕೊಂಕಣಿಯಲ್ಲಿ ಏನೋ ಕೇಳಿದರು. ಹುಡುಗ ನಕ್ಕು ಕುಂಚವನ್ನು ಅವರ ಕೈಗೆ ಕೊಟ್ಟನು. ಅವರು ಮೇಲಿಂದ ಕೆಳಕ್ಕೆ ಒಂದು, ಅದರ ಮೇಲೆ ಅಡ್ಡಕ್ಕೆ ಒಂದು, ಹೀಗೆ ಒಂದು ಮೊಳದಷ್ಟು ಗೋಡೆಯನ್ನು ಬಳಿದು ತೋರಿಸಿದರು. ಅಷ್ಟರಲ್ಲಿ ಮೇಲೆ ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯಿತು. ಮೆಟ್ಟಿಲ ಕಲ್ಲಿನಲ್ಲಿ ಅದರ ನಡುಕ ಅಂಗಾಲಿಗೆ ತಿಳಿಯುವಷ್ಟು ಗಂಭೀರವಾದ ನಾದ. ಹುಡುಗರು ಶಿಲುಬೆಯ ಗುರುತು ಮಾಡಿಕೊಂಡರು. ಚಿಕ್ಕಪ್ಪ ಕುಂಚವನ್ನು ಬಕೆಟ್ಟಿನ ಅಂಚಿಗೆ ಒರಗಿಸಿ, ಗಂಟೆ ನಿಲ್ಲುವವರೆಗೆ ತಲೆಬಾಗಿಸಿ ನಿಂತರು.